14 ಅಂಕಿಯ ಆಯಿ

ಹುಟ್ಟಿದ ತಾರೀಖು ಕೇಳಿದರೆ "ಬರಗಾಲದಾಗ" ಎಂದಷ್ಟೇ ಹೇಳುವ ನಮ್ಮ ಆಯಿಗೆ ಈಗ 14 ಅಂಕಿಯ ಆಭಾ ಸಂಖ್ಯೆ, ಅಂದರೆ ಆರೋಗ್ಯ ದಾಖಲೆಗಳನ್ನು ಜೋಡಿಸುವ ಗುರುತಿನ ಸಂಖ್ಯೆ, ಇದೆ. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಮುದುಕಿಗೆ ಕೊಟ್ಟ ಈ ಗೌರವ ಸಣ್ಣದಲ್ಲ.

ಈ ಸಂಖ್ಯೆ ಪಡೆಯುವುದು ಅವರವರ ಇಚ್ಛೆಗೆ ಬಿಟ್ಟದ್ದು ಎಂದು ನಿಯಮ ಹೇಳುತ್ತದೆ. ನಾವು ಬಸ್ಸು ಹತ್ತಿ ಹೋದ ಆಸ್ಪತ್ರೆಯಲ್ಲಿ ಚೀಟಿ ಮಾಡುವವರೂ ಅದನ್ನು ಅಲ್ಲಗಳೆಯಲಿಲ್ಲ. ಸಂಖ್ಯೆ ಇಲ್ಲದವರು ಪಕ್ಕದ ಕಿಟಕಿಗೆ ಹೋಗಬೇಕೆಂದೂ, ಪಕ್ಕದ ಕಿಟಕಿ ಇವತ್ತು ತೆರೆಯುವುದಿಲ್ಲವೆಂದೂ ಅಷ್ಟೇ ತಿಳಿಸಿದರು.

ಹಾಗಾಗಿ ಆಧಾರ್ ಮೂಲಕ ಸಂಖ್ಯೆ ಮಾಡಿಸಲು ನಿಂತೆವು. ಐವತ್ತು ವರ್ಷ ಹತ್ತಿ ಬಿಡಿಸಿದ ಹೆಬ್ಬೆರಳಿನಲ್ಲಿ ಗೆರೆಗಳು ಉಳಿದಿರಲಿಲ್ಲ. ಸೆರಗಿಗೆ ಒರೆಸಿ, ತಲೆಯ ಎಣ್ಣೆಗೆ ಉಜ್ಜಿ ಒತ್ತಿದರೂ ಯಂತ್ರ ಆಯಿಯನ್ನು ಗುರುತಿಸಲಿಲ್ಲ. ಉಳಿದದ್ದು ಓಟಿಪಿ. ಅದು ಹೋಗುವುದು ಬೆಂಗಳೂರಿಗೆ ಗುಳೆ ಹೋಗಿರುವ ಕಾಕಾನ ಮೊಬೈಲಿಗೆ. ಆತ ಎಂಟನೆಯ ಅಂತಸ್ತಿನಿಂದ ಕೆಳಗಿಳಿದು, ಸಿಮೆಂಟಿನ ಕೈ ತೊಳೆದು ಆರು ಅಂಕಿ ಓದಿ ಹೇಳುವಷ್ಟರಲ್ಲಿ ಅವಧಿ ಮೀರಿರುತ್ತಿತ್ತು. "ಆಯಿ, ಇನ್ನೊಮ್ಮಿ ಫೋನ್ ಹಚ್ಚ್ರಿ" ಎನ್ನುತ್ತಿದ್ದ ಕಿಟಕಿಯ ಹುಡುಗಿಯ ತಾಳ್ಮೆ ದೊಡ್ಡದು. ನಾಲ್ಕನೆಯ ಸಲ ಕೂಡಿಬಂತು.

ಗೋಡೆಯ ಮೇಲಿನ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಸಾಲಿನಲ್ಲಿ ನಿಲ್ಲದೆ ಟೋಕನ್ ಸಿಗುತ್ತದೆ. ನಮಗೂ ಸಿಕ್ಕಿತು. ಅದನ್ನು ತೋರಿಸಿ ಚೀಟಿ ಪಡೆಯಲು ಅದೇ ಸಾಲಿನಲ್ಲಿ ನಿಂತೆವು.

"ಶುಗರಿಗೆ ಯಾವ ಗುಳಿಗಿ ನಡದಾವ್ರಿ?" ಎಂದು ಡಾಕ್ಟರು ಕೇಳಿದಾಗ ಆಯಿ ಎಲೆಸಂಚಿ ಬಿಚ್ಚಿ, ಅಡಿಕೆಯ ಕೆಳಗಿಂದ ಖಾಲಿ ಗುಳಿಗೆಹಾಳೆಯೊಂದನ್ನು ತೆಗೆದಳು. ಅದಕ್ಕೆ ಮೆತ್ತಿದ್ದ ಸುಣ್ಣವನ್ನು ಡಾಕ್ಟರು ಉಗುರಿನಿಂದ ಕೆರೆದು ಹೆಸರು ಓದಿದರು. 14 ಅಂಕಿಯನ್ನು ಯಾರೂ ಕೇಳಲಿಲ್ಲ. ಕೇಳಿ ಫಲವೂ ಇರಲಿಲ್ಲ. ಈ ಮಿಷನ್ನಿನಲ್ಲಿ ರೋಗಿಗಳ ದಾಖಲೆಗಳನ್ನೆಲ್ಲ ಒಂದೇ ಉಗ್ರಾಣಕ್ಕೆ ತುಂಬುವುದಿಲ್ಲ. ಅವು ಹುಟ್ಟಿದ ಆಸ್ಪತ್ರೆಯಲ್ಲೇ ಇದ್ದು, ರೋಗಿಯ ಒಪ್ಪಿಗೆ ಇದ್ದರೆ ಮಾತ್ರ ಬೇರೆಯವರಿಗೆ ಕಾಣುತ್ತವೆ. ಆಯಿಯ ಶುಗರ್ ಲೆಕ್ಕ ಹುಟ್ಟಿದ್ದು ನಮ್ಮೂರಿನ ಆಸ್ಪತ್ರೆಯ ದಪ್ಪ ರಿಜಿಸ್ಟರಿನಲ್ಲಿ, ಮತ್ತು ಅಲ್ಲೇ ಇದೆ. ಖಾಸಗಿತನದ ದೃಷ್ಟಿಯಿಂದ ಇದಕ್ಕಿಂತ ಭದ್ರವಾದ ಏರ್ಪಾಡು ಇನ್ನೊಂದಿಲ್ಲ: ಒಪ್ಪಿಗೆ ಕೊಟ್ಟರೂ ಕಾಣುವುದಿಲ್ಲ.

ತಂತ್ರಾಂಶವನ್ನೇ ದೂರುವುದು ನ್ಯಾಯವಲ್ಲ. ಕ್ಷಯರೋಗಿಗಳ ನಿಕ್ಷಯ್ ಪೋರ್ಟಲ್‌ನಲ್ಲಿ ಗುಳೆ ಹೋದವನ ಹೆಸರನ್ನು ಅವನು ಹೋದ ಊರಿಗೆ ವರ್ಗಾಯಿಸಿ, ಔಷಧಿ ನಡುವೆ ನಿಲ್ಲದಂತೆ ನೋಡಿಕೊಳ್ಳಲು ಸಾಧ್ಯವಿದೆ; ನಮ್ಮ ಭಾಗಕ್ಕೆ ಇದಕ್ಕಿಂತ ಬೇಕಾದದ್ದು ಬೇರೆ ಯಾವುದು? ಆದರೆ ಅದನ್ನು ಯಾರಾದರೂ ಕುಳಿತು ತುಂಬಬೇಕು. ನಮ್ಮೂರಿನ ಆಶಾ ಕಾರ್ಯಕರ್ತೆ ಹಗಲು ರಿಜಿಸ್ಟರಿನಲ್ಲಿ ಬರೆದದ್ದನ್ನೇ ರಾತ್ರಿ, ನೆಟ್‌ವರ್ಕ್ ಸಿಗುವ ಮಾಳಿಗೆಯ ಮೂಲೆಯಲ್ಲಿ ನಿಂತು ಮೊಬೈಲಿಗೆ ಹಾಕುತ್ತಾರೆ. ಕಾಗದರಹಿತ ಆಡಳಿತಕ್ಕೆ ಕಾಗದವೇ ಆಧಾರ.

ಆಯಿ ಹೊಸ ಗುಳಿಗೆಹಾಳೆಯನ್ನು ಹಳೆಯದರ ಜೊತೆಗೇ ಇಟ್ಟು ಸಂಚಿಯ ದಾರ ಎಳೆದಳು. ಬಸ್ಸಿನಲ್ಲಿ ಕೂಡುವಷ್ಟರಲ್ಲಿ ಕಾಕಾನ ಫೋನು: "ಯವ್ವಾ, ಮತ್ತೊಂದು ನಂಬರ್ ಬಂದದ. ಬರ್ಕೋ, ಹೇಳ್ತೀನಿ."