ಧೈರ್ಯ ಒಂದೇ ಥರದ್ದಲ್ಲ

ಮಳೆಗಾಲದಲ್ಲಿ ಯಾರಾದರೂ ಜಲಪಾತದ ಬಂಡೆಯಿಂದ ಜಾರಿದರೆ ‘ಭಂಡಧೈರ್ಯ’ ಎಂದು ಬೈದು ಮುಗಿಸುತ್ತೇವೆ. ಬೈಗುಳದಿಂದ ಯಾರಿಗೂ ತಮ್ಮ ಸ್ವಭಾವ ಅರ್ಥವಾಗುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ವಿನ್ ಜುಕರ್‌ಮನ್ 1964ರಲ್ಲೇ ರೋಮಾಂಚನ ಹುಡುಕುವ ಈ ಸ್ವಭಾವವನ್ನು ಅಳೆಯುವ ಪ್ರಶ್ನಾವಳಿ ಮಾಡಿದರು. ಆಮೇಲೆ ಬಂದ 40 ಪ್ರಶ್ನೆಗಳ ರೂಪದಲ್ಲಿ ನಾಲ್ಕು ಗುಣ ಬೇರೆಬೇರೆಯಾಗಿ ಸಿಗುತ್ತವೆ: ಸಾಹಸದ ಹಂಬಲ, ಹೊಸ ಅನುಭವದ ಹಸಿವು, ಲಗಾಮು ಕಳಚುವ ಚಾಳಿ, ಬೇಗ ಬೇಸರವಾಗುವುದು. ಬರೀ ಸಾಹಸದ ಹಂಬಲ ಇರುವವರ ಬಗ್ಗೆ ನನಗೆ ಅಷ್ಟು ಆತಂಕವಿಲ್ಲ. ರಾಮನಗರದ ಬಂಡೆ ಹತ್ತುವಾಗ ಹಗ್ಗದ ಗಂಟನ್ನು ಎರಡೆರಡು ಸಲ ನೋಡುವವರಲ್ಲಿ ಅಂಥವರು ಬೇಕಾದಷ್ಟಿದ್ದಾರೆ. ಕೊನೆಯ ಎರಡು ಗುಣ ಒಟ್ಟಿಗೆ ಬಂದಾಗ ಹೆದರಬೇಕು. ಅಲ್ಲಿ ತಯಾರಿ ಇರುವುದಿಲ್ಲ, ಆ ಗಳಿಗೆಯ ಹುಕಿ ಮಾತ್ರ.

ಇನ್ನೊಂದು, ಒಂದು ಕಡೆಯ ಅಂಜಿಕೆ ಇನ್ನೊಂದು ಕಡೆ ಕೆಲಸಕ್ಕೆ ಬರುವುದಿಲ್ಲ. ಷೇರಿಗೆ ಹತ್ತು ಸಾವಿರ ಹಾಕಲು ಹೆದರುವವರೇ ಹೆಲ್ಮೆಟ್ಟನ್ನು ಟ್ಯಾಂಕ್ ಮೇಲಿಟ್ಟುಕೊಂಡು ಬೈಕ್ ಓಡಿಸುತ್ತಾರೆ. ಹಾಗಾಗಿ ‘ನಾನು ಹುಷಾರಿನ ಮನುಷ್ಯ’ ಅನ್ನುವ ನಂಬಿಕೆಯನ್ನು ಪಕ್ಕಕ್ಕಿಟ್ಟು, ಎರಡು ವಾರ ಮೊಬೈಲಿನಲ್ಲಿ ಬರೆದಿಡಿ. ಸ್ವಲ್ಪದರಲ್ಲೇ ಪಾರಾದ ಪ್ರತಿ ಸಲವೂ ಏನು ಮಾಡುತ್ತಿದ್ದಿರಿ, ಜೊತೆಗೆ ಯಾರಿದ್ದರು, ನಿದ್ದೆಗೆಟ್ಟಿದ್ದಿರೋ, ಸಿಟ್ಟಿನಲ್ಲಿದ್ದಿರೋ, ತಡವಾಗಿತ್ತೋ. ಅದೇ ದಿನ ಬರೆಯಿರಿ. ಒಂದು ರಾತ್ರಿ ಕಳೆದರೆ ಸಾಕು, ಅದೃಷ್ಟದಿಂದ ಉಳಿದದ್ದನ್ನು ಮನಸ್ಸು ‘ನನ್ನ ಕೈಚಳಕ’ ಎಂದು ತಿದ್ದಿಬಿಡುತ್ತದೆ. ಹೋದ ವರ್ಷ ನಿಂತ ಬಂಡೆಯ ಮೇಲೆ ಈ ವರ್ಷವೂ ನಿಲ್ಲಿಸುವುದು ಈ ತಿದ್ದುಪಡಿಯೇ.

ಬಂಡೆ ಅದೇ, ನೀರು ಅದಲ್ಲ. ಹರಿವಿನ ವೇಗ ಎರಡು ಪಟ್ಟಾದರೆ ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಹಳ್ಳಕ್ಕಿಳಿದಿರುತ್ತದೆ. ಪಾಚಿಯ ಮೇಲೆ ಒಳ್ಳೆಯ ಶೂ ಕೂಡ ಹಿಡಿತ ಕೊಡುವುದಿಲ್ಲ.

‘ಜೊತೆಗೆ ಯಾರಿದ್ದರು’ ಎಂದು ಕೇಳಿದ್ದಕ್ಕೂ ಕಾರಣವಿದೆ. 2005ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞರಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಅವರ ಪ್ರಯೋಗದಲ್ಲಿ, ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಒಬ್ಬರೇ ಆಡಿದವರಿಗಿಂತ ಗೆಳೆಯರ ಎದುರು ಆಡಿದವರು ಹೆಚ್ಚು ಅಪಾಯಕ್ಕೆ ಕೈಹಾಕಿದರು. ಹದಿಹರೆಯದವರಲ್ಲಿ ಇದು ಇನ್ನೂ ಜಾಸ್ತಿ. ನಿಮ್ಮ ಪಟ್ಟಿಯಲ್ಲೂ ಅದೇ ಗುಂಪು ಮತ್ತೆಮತ್ತೆ ಕಂಡರೆ, ನಿರ್ಧಾರವನ್ನು ನೀರಿನ ಹತ್ತಿರ ಮಾಡಬೇಡಿ, ಮನೆಯಲ್ಲೇ ಮಾಡಿ: ಎಲ್ಲಿಯವರೆಗೆ ಹೋಗುವುದು, ಎಷ್ಟು ಗಂಟೆಗೆ ತಿರುಗುವುದು. ಗುಂಪಿನಲ್ಲಿ ಯಾರೇ ಒಬ್ಬರು ‘ಸಾಕು, ವಾಪಸ್ ಹೋಗೋಣ’ ಅಂದರೂ ಕಾರಣ ಕೇಳದೆ ತಿರುಗಬೇಕು. ಇದನ್ನು ಹೊರಡುವ ಮೊದಲೇ ಎಲ್ಲರ ಬಾಯಲ್ಲೂ ಒಪ್ಪಿಸಿಕೊಳ್ಳಿ.