ಟ್ಯಾಂಕ್ ಫುಲ್ ಅನ್ನೋದು ಯಾವ ಭಾಷೆ?

ಸಂಜೆ 6ರಿಂದ 7ರವರೆಗೆ ಮನೆಯಲ್ಲಿ ಇಂಗ್ಲಿಷ್ ಮಾತ್ರ. ಈ ಕಾನೂನು ತಂದವನು ನಾನೇ.

ಕಾರಣ ಇತ್ತು. ಒಂದನೇ ಕ್ಲಾಸಿನ ಮಗಳು ಶಾಲೆಯಲ್ಲಿ ತುಟಿಪಿಟಕ್ ಅನ್ನುವುದಿಲ್ಲ ಎಂದು ಮಿಸ್ ಹೇಳಿದ್ದರು. ಮನೆಯಲ್ಲಿ ವಟವಟ ಅಂತ ತಲೆ ತಿನ್ನುವ ಹುಡುಗಿ ಅಲ್ಲಿ ಮೂರು ತಿಂಗಳಿಂದ ಮೌನವ್ರತ. "ಮನೇಲಿ ಇಂಗ್ಲಿಷ್ ಮಾತಾಡಿ, ಸರಿ ಹೋಗುತ್ತೆ" ಎಂದು ಅವರು ಸಲಹೆ ಕೊಟ್ಟರು. ನಾನು ಧಾರಾಳವಾಗಿ ತಲೆಯಾಡಿಸಿ ಬಂದೆ. ಯಾರು ಮಾತಾಡಬೇಕು ಅನ್ನೋದನ್ನು ಮಾತ್ರ ಯೋಚಿಸಿರಲಿಲ್ಲ.

ಮೊದಲ ದಿನ 6 ಗಂಟೆ ಹೊಡೆಯಿತು. ಮನೆ ಸ್ತಬ್ಧವಾಯಿತು. ಹೆಂಡತಿ ಪುಸ್ತಕ ಹಿಡಿದು ಮೂಲೆ ಸೇರಿದಳು. ಮಗಳು ಗೋಡೆ ನೋಡುತ್ತಾ ಕೂತಳು. ನಾನು ಗಂಟಲು ಸರಿ ಮಾಡಿಕೊಂಡು "ಸೋ..." ಅಂದೆ. ಮುಂದೆ ಏನೂ ಹೊಳೆಯಲಿಲ್ಲ. ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ "ಸೋ..." ಅಂದೆ. ಮದುವೆಯಾದ ಮೇಲೆ ಮನೆಯಲ್ಲಿ ಇಷ್ಟು ಶಾಂತಿ ನಾನು ಕಂಡಿರಲಿಲ್ಲ.

ಮೂರನೇ ದಿನ ಅಮ್ಮ ಬಂದು ನನ್ನ ಭುಜ ತಟ್ಟಿದರು. ಮೇಲಕ್ಕೆ ಕೈ ತೋರಿಸಿದರು. ಎರಡೂ ಕೈ ಅಗಲಿಸಿ, ಬೆರಳು ಆಡಿಸುತ್ತಾ ಏನೋ ಅಭಿನಯ ಮಾಡಿದರು. ನಾನು ಕಾನೂನು ಕಾನೂನೇ ಎಂಬಂತೆ ಮುಖ ಮಾಡಿಕೊಂಡು "ಇನ್ ಇಂಗ್ಲಿಷ್" ಅಂದೆ. ಅಮ್ಮ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟರು. ಗಡಿಯಾರ 7 ಹೊಡೆದ ಕೂಡಲೇ ಹೇಳಿದರು: "ಟ್ಯಾಂಕು ತುಂಬಿ ಸುರಿಯೋಕೆ ಶುರುವಾಗಿ ಅರ್ಧ ಗಂಟೆ ಆಯ್ತು."

ಓಡಿ ಹೋಗಿ ಮೋಟಾರ್ ಆರಿಸಿ, ಒದ್ದೆಯಾಗಿ ಬಂದೆ. "ಟ್ಯಾಂಕ್ ಫುಲ್ ಅಂದಿದ್ರೆ ಸಾಕಿತ್ತಲ್ಲಮ್ಮಾ, ಅದು ಇಂಗ್ಲಿಷೇ!"

ಅಮ್ಮನಿಗೆ ನಿಜವಾಗಲೂ ಆಶ್ಚರ್ಯ. "ಅಯ್ಯೋ, ಅದು ಕನ್ನಡ ಅಲ್ವೇನೋ?"

ಆ ರಾತ್ರಿ ಕಾನೂನನ್ನು ನಾನೇ ಹಿಂದಕ್ಕೆ ಪಡೆದೆ. ನಿದ್ದೆ ಬರಲಿಲ್ಲ ಅಂತ ಒಂದಿಷ್ಟು ಓದಿದೆ. ಹೊಸ ಭಾಷೆಗೆ ಬಿದ್ದ ಮಕ್ಕಳಲ್ಲಿ ಎಷ್ಟೋ ಜನ ಮೊದಲು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಸುಮ್ಮನಿರುತ್ತಾರಂತೆ. ಬಾಯಿ ಮುಚ್ಚಿದ್ದರೂ ಕಿವಿ ಕೆಲಸ ಮಾಡುತ್ತಿರುತ್ತದೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲೇ ಈ ಕಲಿಕೆಯನ್ನು ಎರಡು ಪಾಲು ಮಾಡಿ ತೋರಿಸಿದರು. ಆಟದ ಬಯಲಲ್ಲಿ ಹರಟೋ ಭಾಷೆ ಒಂದು, ಪಾಠದ ಭಾಷೆ ಇನ್ನೊಂದು. ಮೊದಲನೆಯದಕ್ಕೆ ಹತ್ತಿರ ಹತ್ತಿರ 2 ವರ್ಷ, ಎರಡನೆಯದಕ್ಕೆ 5ರಿಂದ 7 ವರ್ಷ ಬೇಕು ಅನ್ನೋದು ಅವರ ಲೆಕ್ಕ. ಅದೂ ಸುತ್ತಮುತ್ತ ಇಂಗ್ಲಿಷೇ ಆಡುವ ಕಡೆ ಬೆಳೆಯುವ ಮಕ್ಕಳಿಗೆ. ನಾವಿದ್ದದ್ದು ನಾಲ್ಕನೇ ತಿಂಗಳಲ್ಲಿ. ನನಗೋ ವಯಸ್ಸು 40 ದಾಟಿದೆ, ಎರಡನೆಯದು ಇನ್ನೂ ದಾರಿಯಲ್ಲಿದೆ.

ಕಿವಿ ಕೆಲಸ ಮಾಡುತ್ತೆ ಅನ್ನೋದಕ್ಕೆ ಸಾಕ್ಷಿ ಮರುವಾರವೇ ಸಿಕ್ಕಿತು. ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಒಳಗೆ ಮಗಳು ಗೊಂಬೆಗಳನ್ನೆಲ್ಲ ಸಾಲಾಗಿ ಕೂರಿಸಿ ಪಾಠ ಮಾಡುತ್ತಿದ್ದಳು. ಕೈಯಲ್ಲಿ ಸ್ಕೇಲು, ಮೂಗಿನ ತುದಿಯಲ್ಲಿ ಅಜ್ಜಿಯ ಕನ್ನಡಕ. "ಕೀಪ್ ಕ್ವಾಯ್ಟ್! ಫಿಂಗರ್ ಆನ್ ಯುವರ್ ಲಿಪ್ಸ್! ಹೂ ಈಸ್ ಟಾಕಿಂಗ್ ದೇರ್?" ಒಂದಕ್ಷರ ತಪ್ಪಿಲ್ಲ, ಮಿಸ್ ರಾಗ ಸಮೇತ. ಆಗ ನನಗೆ ಜ್ಞಾನೋದಯವಾಯಿತು. ಮೂರು ತಿಂಗಳಲ್ಲಿ ಅವಳು ಜಾಸ್ತಿ ಕೇಳಿದ ಇಂಗ್ಲಿಷ್ ಅಂದರೆ ಬಾಯಿ ಮುಚ್ಚು ಅನ್ನೋದು. ಪಾಪ, ಅರ್ಥ ಮಾಡಿಕೊಂಡು ಪಾಲಿಸುತ್ತಿದ್ದಳು.

ಕೊನೆಗೊಂದು ದಿನ ಶಾಲೆಯಲ್ಲಿ ಬಾಯಿ ತೆರೆದಳು. ಡೈರಿಯಲ್ಲಿ ಮಿಸ್ ಬರೆದು ಕಳಿಸಿದ್ದರು: ದಯವಿಟ್ಟು ಪೆನ್ಸಿಲ್ ಕೊಟ್ಟು ಕಳಿಸಿ, ಹಾಗೇ ಗಿನ್ಸಿಲ್ ಎಂದರೇನು ತಿಳಿಸಿ. ಮಗಳ ಮೊದಲ ಇಂಗ್ಲಿಷ್ ವಾಕ್ಯ ಇದಾಗಿತ್ತು: "ಮಿಸ್, ಐ ನೋ ಹ್ಯಾವ್ ಪೆನ್ಸಿಲ್ ಗಿನ್ಸಿಲ್." ಮಿಸ್‌ಗೆ ಕನ್ನಡ ಬಾರದು. ಪುಸ್ತಕ ಇದ್ದಲ್ಲಿ ಗಿಸ್ತಕ ಇರುತ್ತೆ, ಬಟ್ಟೆ ಇದ್ದಲ್ಲಿ ಗಿಟ್ಟೆ ಇರುತ್ತೆ ಅನ್ನೋದನ್ನು ಡೈರಿಯ ನಾಲ್ಕು ಗೆರೆಯಲ್ಲಿ ಇಂಗ್ಲಿಷಿನಲ್ಲಿ ವಿವರಿಸಲು ನಾನು ಅರ್ಧ ಗಂಟೆ ಒದ್ದಾಡಿದೆ. ಕೊನೆಗೆ "ಗಿನ್ಸಿಲ್ ಈಸ್ ನಥಿಂಗ್" ಎಂದು ಬರೆದು ಸಹಿ ಹಾಕಿದೆ.

ಅದೇ ವಾರ ಮನೆಗೆ ಹೊರಡುವಾಗ "ಮಿಸ್, ಐ ವಿಲ್ ಕಮ್" ಅಂದಳಂತೆ. ಹೊರಡುವಾಗ 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು ಎಂದು ಕಲಿಸಿದ್ದು ನಾವೇ ತಾನೇ? "ವೆನ್?" ಅಂತ ಮಿಸ್ ಕೇಳಿದರು. ಇವಳು "ಟುಮಾರೋ" ಅಂದು ಚೀಲ ಎತ್ತಿಕೊಂಡು ಬಂದಳು. ಇದರಲ್ಲಿ ಯಾರ ತಪ್ಪೂ ನನಗೆ ಕಾಣಲಿಲ್ಲ.

ಬರವಣಿಗೆಯ ಕಥೆ ಬೇರೆ. ಕಿಟಕಿಯ ಚಿತ್ರದ ಕೆಳಗೆ ಮೊದಲ ಅಕ್ಷರ ಬರೆಯಬೇಕಿತ್ತು. ಇವಳು 'ವೈ' ಬರೆದಿದ್ದಳು. ಬಾಗಿಲಿನ ಕೆಳಗೆ 'ಡಬ್ಲ್ಯೂ'. ನಾನು ಕೆಂಪು ಪೆನ್ನು ಎತ್ತಿದೆ.

"ಅಪ್ಪಾ, ವಿಂಡೋ ಅಂದ್ರೆ ವ ಬರ್ಬೇಕಲ್ವಾ?"

"ಹೂಂ."

"ವೈ ಅನ್ನೋದ್ರಲ್ಲಿ ವ ಇದೆ. ಡಬ್ಲ್ಯೂ ಅನ್ನೋದ್ರಲ್ಲಿ ಡ ಇದೆ. ಡೋರ್‌ಗೆ ಅದೇ ತಾನೇ?"

ಪೆನ್ನು ಕೆಳಗಿಟ್ಟೆ. ನಮ್ಮಲ್ಲಿ 49 ಅಕ್ಷರ ಇವೆ ನಿಜ, ಆದರೆ 'ಕ' ತನ್ನ ಹೆಸರು ಹೇಳಿದರೆ ಸದ್ದೂ ಅದೇ. ಅಲ್ಲಿ ಇರೋದು 26 ಅಕ್ಷರ, ಸದ್ದುಗಳು ಸುಮಾರು 44. ಹಾಗಾಗಿ ಒಬ್ಬೊಬ್ಬರು ಎರಡು ಮೂರು ಪಾಳಿ ದುಡಿಯುತ್ತಾರೆ. ಅದರಲ್ಲೂ ಕೆಲವರಿಗೆ ಹೆಸರೊಂದು, ಕೆಲಸ ಇನ್ನೊಂದು.

ಇನ್ನು ಕೆಲಸವೇ ಇಲ್ಲದವರು. ಚಾಕುವಿನ ಇಂಗ್ಲಿಷ್ ಹೆಸರಿನ ಮೊದಲಲ್ಲಿ 'ಕೆ' ಯಾಕೆ ಎಂದು ಕೇಳಿದಳು. ಇದು ನನಗೆ ಗೊತ್ತಿತ್ತು, ಹುಮ್ಮಸ್ಸಿನಿಂದ ಶುರು ಮಾಡಿದೆ. ಒಂದಾನೊಂದು ಕಾಲದಲ್ಲಿ ಅಲ್ಲಿಯ ಜನ ಅದನ್ನು 'ಕ್ನ' ಅಂತ ಬಾಯಿಬಿಟ್ಟು ಹೇಳುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದರು. ಆಮೇಲೆ ಕಾಗುಣಿತ ಮೆಲ್ಲಗೆ ಹೆಪ್ಪುಗಟ್ಟಿತು, ನಾಲಿಗೆ ಮಾತ್ರ ಮುಂದೆ ಹೋಯಿತು. 'ಕೆ' ಸದ್ದು ಬಿದ್ದುಹೋಯಿತು, ಅಕ್ಷರ ಹಾಗೇ ಉಳಿಯಿತು.

"ಹಾಗಾದ್ರೆ ತೆಗೆದುಬಿಡಬಹುದಲ್ವಾ?" ಎಂದಳು ಮಗಳು.

ಅಮ್ಮ ಕೂತಲ್ಲಿಂದಲೇ ಹೇಳಿದರು: "ಏನೂ ಮಾಡದೆ ಕೂತಿರೋರನ್ನೂ ಮನೇಲಿ ಇಟ್ಕೊಂಡಿರ್ತೀವಲ್ಲ ಮರಿ, ಹಾಗೇ." ಹೇಳುವಾಗ ಅವರು ಯಾರನ್ನು ನೋಡುತ್ತಿದ್ದರು ಎಂದು ಬರೆಯುವ ಅಗತ್ಯ ಇಲ್ಲ.

ನನ್ನ ದೊಡ್ಡ ತಪ್ಪು ಅಂದರೆ ತಿದ್ದುವ ಚಟ. ಮಗಳು ಒಂದು ವಾಕ್ಯ ಹೇಳುವಷ್ಟರಲ್ಲಿ ನಾನು ಮೂರು ಕಡೆ ಅಡ್ಡ ಬರುತ್ತಿದ್ದೆ. "ಐ ಗೋಯೆಡ್ ಟು..." ಅಂದರೆ ಸಾಕು, "ಗೋಯೆಡ್ ಅಲ್ಲ!" ಅವಳು ಎಲ್ಲಿಗೆ ಹೋಗಿದ್ದಳು ಅನ್ನೋದು ನನಗೆ ಇವತ್ತಿಗೂ ಗೊತ್ತಿಲ್ಲ. ಹೆಂಡತಿ ಪಕ್ಕಕ್ಕೆ ಕರೆದು ಬೈದಳು. "ಗೋಯೆಡ್ ಅಂತ ಈ ಮನೇಲಿ ಯಾರಾದ್ರೂ ಹೇಳಿದೀವಾ? ಅವಳೇ ಮಾಡ್ಕೊಂಡಿದ್ದು. ತಲೆ ಓಡಿದೆ ಅಂತ ಅರ್ಥ." ಅವಳ ಮಾತು ನಿಜ. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಮಕ್ಕಳಿಗೆ ಒಂದು ವಿಚಿತ್ರ ಪ್ರಾಣಿಯ ಚಿತ್ರ ತೋರಿಸಿ, ಇದು 'ವಗ್' ಎಂದರು. ಇನ್ನೊಂದು ಬಂತು, ಈಗ ಎರಡು ಏನು ಎಂದರು. ಮಕ್ಕಳು 'ವಗ್ಸ್' ಅಂದರು. ಲೋಕದಲ್ಲೇ ಇಲ್ಲದ ಪದ ಅದು, ಕೇಳಿ ಕಲಿತದ್ದಾಗಿರಲು ಸಾಧ್ಯವಿಲ್ಲ.

ಹಾಗಾಗಿ ಅಡ್ಡ ಬರಬೇಡಿ, ಸರಿಯಾದ ರೂಪವನ್ನು ನಿಮ್ಮ ಮಾತಲ್ಲಿ ಸೇರಿಸಿ ವಾಪಸ್ ಕೊಡಿ, ಸಾಕು ಅಂತ ಹೆಂಡತಿಯ ಆಜ್ಞೆ. ಪ್ರಯೋಗ ಮಾಡಿದೆ.

"ಐ ಗೋಯೆಡ್ ಟು ಪಾರ್ಕ್."

"ಓ, ಯೂ ವೆಂಟ್ ಟು ದ ಪಾರ್ಕ್?"

"ಎಸ್, ಐ ಗೋಯೆಡ್."

ಮುಖದಲ್ಲಿ ನಗು ಇಟ್ಟುಕೊಂಡೆ. ಬಹಳ ಕಷ್ಟ.

ಈಗ ರಾತ್ರಿ ಕಥೆ ಕನ್ನಡದಲ್ಲೇ. ನನಗೆ ಚೆನ್ನಾಗಿ ಬರೋದು ಅದೊಂದೇ, ಅವಳು ನೂರು ಪ್ರಶ್ನೆ ಕೇಳೋದೂ ಅದರಲ್ಲೇ. ಒಂದು ಇಂಗ್ಲಿಷ್ ಚಿತ್ರಪುಸ್ತಕ ಇದೆ, ಅದನ್ನು ಅವಳೇ ಓದುತ್ತಾಳೆ, ನಾನು ಪುಟ ತಿರುಗಿಸುತ್ತೇನೆ.

ಮೊನ್ನೆ ಪಾರ್ಕಿನಲ್ಲಿ ನಾನು, ಅಮ್ಮ ಬೆಂಚಿನ ಮೇಲೆ ಕೂತಿದ್ದೆವು. ಉಯ್ಯಾಲೆ ಹತ್ತಿರ ಗಲಾಟೆ. ಯಾವುದೋ ಹುಡುಗ ಇಳಿಯಲೊಲ್ಲ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಮಗಳು ಸೊಂಟದ ಮೇಲೆ ಎರಡೂ ಕೈ ಇಟ್ಟು, ಕುತ್ತಿಗೆ ಮುಂದೆ ಚಾಚಿ ಕೂಗಿದಳು: "ಈಸ್ ದಿಸ್ ಯುವರ್ ಫಾದರ್ಸ್ ಸ್ವಿಂಗ್?"

ನಾನು ಚಟಕ್ಕೆ ಬಿದ್ದು ತಪ್ಪು ಹುಡುಕಿದೆ. ಈಸ್ ಮುಂದೆ ಬಂದಿದೆ. ಫಾದರ್ಸ್ ಸರಿ. ಎಲ್ಲೂ ಒಂದು ತಪ್ಪಿಲ್ಲ. ಎದೆ ಉಬ್ಬಿತು.

"ಏನಂದ್ಲೋ ಅವಳು?" ಅಮ್ಮ ಕೇಳಿದರು.

"ಆ ಹುಡುಗನ ಅಪ್ಪನ ವಿಷಯ ಕೇಳ್ತಿದಾಳಮ್ಮ."

"ನೋಡು, ಎಷ್ಟು ಮರ್ಯಾದೆ ಕಲ್ತಿದಾಳೆ," ಅಂದರು ಅಮ್ಮ. "ಚೆನ್ನಾಗಿದಾರಂತಾ?"