ಮೊದಲು ಬೇರೆಯವರು ಕೂತು ನೋಡಲಿ

ಓಹಾಯೋದ ಸೀಡರ್ ಪಾಯಿಂಟ್ ಪಾರ್ಕಿನಲ್ಲಿ ಟಾಪ್ ಥ್ರಿಲ್ 2 ಎಂಬ ರೋಲರ್ ಕೋಸ್ಟರ್ 2024ರ ಮೇ ತಿಂಗಳಲ್ಲಿ ಜನರಿಗೆ ತೆರೆದುಕೊಂಡು, ಒಂದು ವಾರ ಕಳೆಯುವಷ್ಟರಲ್ಲಿ ನಿಂತುಹೋಯಿತು. ಆ ಸುದ್ದಿಯನ್ನು ಎಲ್ಲಿಯೋ ಓದಿದ್ದ ನಮ್ಮ ಭಾವನವರು ಊರಿನಿಂದ ಫೋನಿನಲ್ಲಿ ಮಾತನಾಡುತ್ತ, "ಅಷ್ಟು ದುಡ್ಡು ಸುರಿದು ನೆಟ್ಟಗೆ ಎಂಟು ದಿನ ಓಡಿಸಲಾಗಲಿಲ್ಲವಲ್ಲಪ್ಪ ನಿಮ್ಮ ಅಮೆರಿಕದವರಿಗೆ! ನಮ್ಮವರೇ ವಾಸಿ. ಮೊದಲು ಬೇರೆಯವರು ಕೂತು ನೋಡಲಿ, ಆಮೇಲೆ ತಂದರಾಯಿತು ಅನ್ನುತ್ತಾರೆ" ಎಂದರು. ಅವರು ನಗುತ್ತಲೇ ಹೇಳಿದ ಮಾತಾದರೂ ನನಗೆ ಚುರುಕ್ಕೆಂದಿತು. ಯಂತ್ರಗಳ ಬಿಡಿಭಾಗಗಳು ಎಷ್ಟು ಕಾಲ ಬಾಳುತ್ತವೆಂದು ಲೆಕ್ಕ ಹಾಕುವುದೇ ನನ್ನ ಉದ್ಯೋಗವಾದ್ದರಿಂದ, "ಬೇರೆಯವರು ನೋಡಲಿ" ಎಂಬ ಮಾತನ್ನು ಊರಿನಲ್ಲಿದ್ದಾಗ ಸಭೆ ಸಭೆಯಲ್ಲೂ ಕೇಳಿದ್ದೇನೆ. ಅದನ್ನು ಜಾಣತನವೆಂದು ಮೆಚ್ಚಿಕೊಳ್ಳುವುದನ್ನೂ ಕೇಳಿದ್ದೇನೆ. ನನಗೆ ಅದು ಜಾಣತನವೆಂದು ಅನ್ನಿಸುವುದಿಲ್ಲ.

ಕಾರು ತಯಾರಿಸುವವರು ಹೊಸದೊಂದನ್ನು ಮಾರುಕಟ್ಟೆಗೆ ಬಿಡುವ ಮುನ್ನ ಹಲವು ಕಾರುಗಳನ್ನು ಗೋಡೆಗೆ ಗುದ್ದಿಸಿ, ಮರಳಿನಲ್ಲೂ ಹಿಮದಲ್ಲೂ ಓಡಿಸಿ, ಮುರಿದದ್ದನ್ನೆಲ್ಲ ಯಾರ ಕಣ್ಣಿಗೂ ಬೀಳದಂತೆ ಗುಜರಿಗೆ ಹಾಕುತ್ತಾರೆ. ರೋಲರ್ ಕೋಸ್ಟರ್ ಕಟ್ಟುವವರಿಗೆ ಆ ಅನುಕೂಲವಿಲ್ಲ. 128 ಮೀಟರ್ ಎತ್ತರದ ಗೋಪುರವನ್ನು ಕಾರ್ಖಾನೆಯ ಹಿತ್ತಲಿನಲ್ಲಿ ಒಮ್ಮೆ ನಿಲ್ಲಿಸಿ, ವರ್ಷವಿಡೀ ಓಡಿಸಿ ನೋಡಿ, ಬಿಚ್ಚಿ ತಂದು ಪಾರ್ಕಿನಲ್ಲಿ ಮತ್ತೆ ಜೋಡಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. ಹಳಿಯ ಒಂದು ತುಂಡನ್ನು, ಒಂದು ಬೋಗಿಯನ್ನು, ಒಂದು ಬ್ರೇಕನ್ನು ಬಿಡಿಬಿಡಿಯಾಗಿ ಪರೀಕ್ಷಿಸಬಹುದು. ಇಡೀ ಯಂತ್ರ ಒಟ್ಟಾಗಿ ಮೊದಲ ಬಾರಿಗೆ ಓಡುವುದು ಪಾರ್ಕಿನಲ್ಲಿಯೇ. ಹೀಗೆ ಮೊದಲ ಮಾದರಿಯೂ ಅದೇ, ಮಾರಿದ ಸರಕೂ ಅದೇ ಆಗಿ, ತೆರೆಯುವ ದಿನಾಂಕವನ್ನು ತಿಂಗಳುಗಟ್ಟಲೆ ಮುಂಚೆ ಜಾಹೀರಾತಿನಲ್ಲಿ ಸಾರಿರುವಾಗ, ಎಡವಿದರೆ ಊರೆಲ್ಲ ನೋಡುವಂತೆಯೇ ಎಡವಬೇಕಾಗುತ್ತದೆ.

ಎಡವುವುದು ಹೆಚ್ಚಾಗಿ ಲೆಕ್ಕ ತಪ್ಪಿದ್ದರಿಂದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1895ರಲ್ಲಿ ಕೋನಿ ಐಲ್ಯಾಂಡಿನ ಫ್ಲಿಪ್ ಫ್ಲಾಪ್ ರೈಲ್ವೆ ಜನರನ್ನು ಪೂರ್ಣ ವೃತ್ತಾಕಾರದ ಲೂಪಿನಲ್ಲಿ ತಲೆಕೆಳಗು ಮಾಡಿ ಕತ್ತು ನೋಯಿಸಿದ ಕಾಲ ಕಳೆದುಹೋಗಿದೆ. 1970ರ ದಶಕದಲ್ಲಿ ಜರ್ಮನಿಯ ವರ್ನರ್ ಸ್ಟೆಂಗೆಲ್ ಅವರು ಲೂಪಿಗೆ ನೀರಿನ ಹನಿಯಂಥ ಆಕಾರ ಕೊಟ್ಟ ಮೇಲೆ, ಮೈಮೇಲೆ ಬೀಳುವ ಬಲವನ್ನು ಮೊದಲೇ ಅಳೆದು ಹಳಿ ಬಾಗಿಸುವ ವಿದ್ಯೆ ಕೈಗೆ ಬಂದಿದೆ. ಕಾಗದದ ಮೇಲೆ ಸುಲಭವಾಗಿ ಸಿಗದಿರುವುದು ಸವೆತ, ಕಾವು ಮತ್ತು ಲೋಹದ ದಣಿವು, ಅಂದರೆ ಮತ್ತೆ ಮತ್ತೆ ಭಾರ ಬಿದ್ದು ಲೋಹ ಸೋಲುವುದು. ಗಾಲಿಯೊಂದನ್ನೇ ನೋಡಿ. ಅದು ಲೋಹದ ಗುಂಬದ ಸುತ್ತ ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಅಂಟಿಸಿದ ಗಾಲಿ. ಪ್ರತಿ ಸುತ್ತಿನಲ್ಲಿಯೂ ಆ ಪಟ್ಟಿ ಹಳಿಗೆ ಒತ್ತಿ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಒತ್ತುವಾಗ ಒಳಗೆ ಹೋದ ಶಕ್ತಿಯೆಲ್ಲ ಹಿಂದಕ್ಕೆ ಬರದೆ ಒಂದು ಪಾಲು ಕಾವಾಗಿ ಉಳಿಯುತ್ತದೆ, ಮತ್ತು ಪಾಲಿಯುರೆಥೇನ್ ಕಾವನ್ನು ಬೇಗ ಹೊರಗೆ ಬಿಡುವ ವಸ್ತುವಲ್ಲ. ಗಂಟೆಗೆ 193 ಕಿಲೋಮೀಟರ್ ವೇಗದಲ್ಲಿ ಈ ಒತ್ತು-ಬಿಡು ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಸಲ ನಡೆದುಹೋಗುತ್ತದೆ; ಅಂಟು ಮೆತ್ತಗಾಗುತ್ತದೆ; ಪಟ್ಟಿಯ ಅಂಚಿನಲ್ಲಿ ಮೊದಲು ಗುಳ್ಳೆ, ಆಮೇಲೆ ಬಿರುಕು, ಕೊನೆಗೆ ಹಿಡಿಯಷ್ಟು ತುಂಡೇ ಕಿತ್ತು ಬರುತ್ತದೆ. ಗಟ್ಟಿ ಪಟ್ಟಿ ಹಾಕಿದರೆ ಕಾವು ಕಡಿಮೆ, ಆದರೆ ಕೂತವರ ಬೆನ್ನುಮೂಳೆ ಅಲುಗುತ್ತದೆ. ಮೆತ್ತನೆಯದು ಹಾಕಿದರೆ ಸವಾರಿ ಹಿತ, ಗಾಲಿ ಅಲ್ಪಾಯು. ಟಾಪ್ ಥ್ರಿಲ್ 2ರಲ್ಲಿ ರೈಲು ಮುಂದಕ್ಕೆ ಚಿಮ್ಮಿ, ಹಿಂದಕ್ಕೆ ಚಿಮ್ಮಿ, ಮತ್ತೆ ಮುಂದಕ್ಕೆ ಚಿಮ್ಮುತ್ತದೆ. ಒಂದು ಸವಾರಿಯಲ್ಲಿ ಮೂರು ಸಲ ವೇಗ ಪಡೆಯುವ ಅಂಥ ಯಂತ್ರದಲ್ಲಿ ಬೋಗಿ ಮತ್ತು ಗಾಲಿಗಳ ಪಾಡು ಏನಾಗುತ್ತದೆಂಬುದು ಓಡಿಸಿದ ಮೇಲೆಯೇ ಪೂರ್ತಿ ತಿಳಿಯುವ ವಿಷಯ. ಬೋಗಿಗಳನ್ನು ಮಾರ್ಪಡಿಸಬೇಕಾಗಿದೆ ಎಂದು ಪ್ರಕಟಿಸಿದ ಪಾರ್ಕು ಆ ವರ್ಷ ಅದನ್ನು ಮತ್ತೆ ತೆರೆಯಲಿಲ್ಲ. 2025ರಲ್ಲಿ ತೆರೆದ ಮೇಲೂ ಅದು ಆಗಾಗ ನಿಲ್ಲುತ್ತಲೇ ಇತ್ತು. ಅದನ್ನು ನಂಬಿಕಸ್ತ ಯಂತ್ರವೆಂದು ನಾನೂ ಕರೆಯಲಾರೆ.

ಆದರೆ ನನ್ನ ವಾದ ನಂಬಿಕಸ್ತಿಕೆಯ ಬಗ್ಗೆ ಅಲ್ಲ, ಕೆಟ್ಟು ನಿಂತ ಯಂತ್ರದ ಮುಂದೆ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಬಗ್ಗೆ. ಇಲ್ಲಿಯ ಒಂದು ಪಾರ್ಕಿನಲ್ಲಿ ನಾನು ಸರತಿಯಲ್ಲಿ ನಿಂತಿದ್ದಾಗ ಹೊಸ ಕೋಸ್ಟರೊಂದು ನಿಂತಿತು. ಬೇಲಿಯಾಚೆ ಹೋಗುತ್ತಿದ್ದ ಎಣ್ಣೆ ಮೆತ್ತಿದ ಕೈಗಳ ಮೆಕ್ಯಾನಿಕ್ ಒಬ್ಬರನ್ನು ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಏನಾಯಿತೆಂದು ಕೇಳಿದಳು. ಆತ ನಿಂತರು. ಒಂದೇ ಜಾಗದಲ್ಲಿ ಎರಡು ಸೆನ್ಸರುಗಳಿವೆ, ರೈಲು ದಾಟಿದಾಗ ಎರಡೂ ಒಂದೇ ಮಾತು ಹೇಳಬೇಕು, ಈಗ ಒಂದು ದಾಟಿದೆ ಎನ್ನುತ್ತಿದೆ, ಇನ್ನೊಂದು ಇಲ್ಲ ಎನ್ನುತ್ತಿದೆ, ಯಾವುದು ಸರಿಯೆಂದು ಗೊತ್ತಾಗುವವರೆಗೆ ಕಂಪ್ಯೂಟರು ಮುಂದಿನ ರೈಲನ್ನು ಬಿಡುವುದಿಲ್ಲ, ಹೊಸ ಯಂತ್ರವಾದ್ದರಿಂದ ಎಷ್ಟು ಅಲುಗಾಟವನ್ನು ಸಹಿಸಬೇಕೆಂದು ಇನ್ನೂ ಹೊಂದಿಸುತ್ತಿದ್ದೇವೆ ಎಂದು ಬೆರಳುಗಳನ್ನು ಹಳಿಯಂತೆ ಹಿಡಿದು ತೋರಿಸಿ ಹೇಳಿದರು. ಕೋಸ್ಟರಿನ ಹಳಿಯನ್ನು ವಿಭಾಗಗಳಾಗಿ ಹಂಚಿ, ಒಂದು ವಿಭಾಗದಲ್ಲಿ ಒಂದೇ ರೈಲು ಇರುವಂತೆ ನೋಡಿಕೊಳ್ಳುವ ವ್ಯವಸ್ಥೆಯನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದನ್ನು ಮಗುವಿಗೆ ಅರ್ಥವಾಗುವಂತೆ ಹೇಳಿದ್ದನ್ನು ಕೇಳಿದ್ದು ಅಲ್ಲಿಯೇ. ಸುತ್ತಲಿದ್ದವರು ಇನ್ನೂ ನಾಲ್ಕು ಪ್ರಶ್ನೆ ಕೇಳಿದರೇ ವಿನಾ ಯಾರೂ ಬಯ್ಯಲಿಲ್ಲ.

ನಮ್ಮಲ್ಲಿ ಏನಾಗುತ್ತದೆ? ಅಡ್ಡಕ್ಕೆ ಒಂದು ಹಗ್ಗ, ಅದಕ್ಕೆ ತೂಗುಹಾಕಿದ "ದುರಸ್ತಿಯಲ್ಲಿದೆ" ಎಂಬ ಬೋರ್ಡು. ಕೇಳಿದರೆ "ಟೆಕ್ನಿಕಲ್ ಪ್ರಾಬ್ಲಮ್ಮು ಸಾರ್" ಎಂಬ ಉತ್ತರ. ಹೇಳುವವರಿಗೆ ಗೊತ್ತಿಲ್ಲವೆಂದಲ್ಲ, ಹೇಳಿದರೆ ಮೇಲಿನವರು ಬಯ್ಯುತ್ತಾರೆ, ಕೇಳಿಸಿಕೊಂಡವರು "ಇಷ್ಟು ದಿನ ಹಾಗಾದರೆ ನಮ್ಮ ಜೀವದ ಜೊತೆ ಆಟವಾಡಿದಿರಾ" ಎಂದು ಜಗಳಕ್ಕೆ ನಿಲ್ಲುತ್ತಾರೆ. ನಿಂತ ಯಂತ್ರವೆಂದರೆ ಕೆಟ್ಟ ಯಂತ್ರ, ಕೆಟ್ಟ ಯಂತ್ರವೆಂದರೆ ಮಾನ ಹೋದಂತೆ ಎಂಬ ಭಾವನೆ ಇರುವವರೆಗೆ ಯಾರು ತಾನೇ ಮೊದಲ ಮಾದರಿಗೆ ಕೈ ಹಾಕಿಯಾರು? ಸೆನ್ಸರು ಅನುಮಾನಪಟ್ಟು ರೈಲನ್ನು ನಿಲ್ಲಿಸಿದ್ದು ಯಂತ್ರ ಸರಿಯಾಗಿ ಕೆಲಸ ಮಾಡಿದ್ದರ ಗುರುತು ಎಂದು ನಾವು ಒಪ್ಪುವುದೇ ಇಲ್ಲ.

ಮುರಿದದ್ದನ್ನು ಬಚ್ಚಿಡದಿದ್ದರೆ ಏನು ಲಾಭವೆಂಬುದಕ್ಕೆ ನನಗೆ ಇಷ್ಟವಾದ ಕಥೆ ದ ಬ್ಯಾಟ್ ಎಂಬ ಕೋಸ್ಟರಿನದು. 1981ರಲ್ಲಿ ಇದೇ ಓಹಾಯೋದ ಕಿಂಗ್ಸ್ ಐಲ್ಯಾಂಡಿನಲ್ಲಿ ಆ್ಯರೋ ಕಂಪನಿ ಅದನ್ನು ಕಟ್ಟಿತು. ಬೋಗಿಗಳು ಹಳಿಯ ಮೇಲಲ್ಲ, ಹಳಿಯ ಕೆಳಗೆ ತೂಗಾಡುತ್ತಿದ್ದವು. ತಿರುವಿನಲ್ಲಿ ಅವು ತಾವಾಗಿಯೇ ಹೊರಕ್ಕೆ ವಾಲುವುದರಿಂದ ಹಳಿಯನ್ನು ಓರೆಯಾಗಿ ಬಾಗಿಸುವ ಅಗತ್ಯವಿಲ್ಲವೆಂದು ತಿರುವುಗಳನ್ನು ಮಟ್ಟಸವಾಗಿ ಬಿಟ್ಟರು. ಕೂತವರಿಗೆ ಅದರಿಂದ ತೊಂದರೆಯಾಗಲಿಲ್ಲ. ತೂಗಾಡುವ ಭಾರದ ಅಡ್ಡ ಎಳೆತವನ್ನೆಲ್ಲ ಹಳಿ, ಕಂಬ ಮತ್ತು ಶಾಕ್ ಅಬ್ಸಾರ್ಬರುಗಳು ನುಂಗಬೇಕಾಯಿತು, ನುಂಗಲಾರದೆ ಸೋತವು. ರಿಪೇರಿಯ ಮೇಲೆ ರಿಪೇರಿಯಾಗಿ 1983ರ ನಂತರ ಅದು ಓಡಲಿಲ್ಲ. ಆದರೆ ಅದೇ ಕಂಪನಿ 1984ರಲ್ಲಿ ವರ್ಜೀನಿಯಾದ ಬುಶ್ ಗಾರ್ಡನ್ಸ್‌ನಲ್ಲಿ ಹಳಿಯನ್ನು ತಿರುವುಗಳಲ್ಲಿ ಓರೆಮಾಡಿ ಬಿಗ್ ಬ್ಯಾಡ್ ವುಲ್ಫ್ ಕಟ್ಟಿತು. ಅದು 2009ರವರೆಗೆ ಓಡಿತು. ಕೆಟ್ಟುಹೋದ ಮೊದಲನೆಯದು ಇಲ್ಲದಿದ್ದರೆ ಇಪ್ಪತ್ತೈದು ವರ್ಷ ಬಾಳಿದ ಈ ಎರಡನೆಯದು ಎಲ್ಲಿಂದ ಬರಬೇಕಿತ್ತು?

ಅದೇ ಆ್ಯರೋ ಕಂಪನಿಯ ಕೊನೆಯ ಸಾಹಸ ಕ್ಯಾಲಿಫೋರ್ನಿಯಾದ ಎಕ್ಸ್ ಎಂಬ ಕೋಸ್ಟರು. ಹಳಿಯ ಎರಡೂ ಬದಿಗೆ ರೆಕ್ಕೆಯಂತೆ ಚಾಚಿದ ಆಸನಗಳು, ರೈಲು ಓಡುವ ಹಳಿಯ ಜೊತೆಗೆ ಇನ್ನೆರಡು ಹಳಿಗಳು. ಆ ಹೆಚ್ಚುವರಿ ಹಳಿಗಳು ಏರಿಳಿದಂತೆ ಹಲ್ಲುಪಟ್ಟಿ ಮತ್ತು ಹಲ್ಲುಗಾಲಿಯ ಮೂಲಕ ಆಸನಗಳು ಹಿಂದೆ ಮುಂದೆ ಮಗುಚುತ್ತವೆ. ಕಲ್ಪನೆ ಅದ್ಭುತವಾಗಿತ್ತು, ರೈಲು ಭಾರವಾಗಿತ್ತು, ನಿಲುಗಡೆಗಳು ಪದೇ ಪದೇ ಆದವು. 2001ರ ಕೊನೆಯಲ್ಲಿ ಕಂಪನಿಯೇ ದಿವಾಳಿಯಾಯಿತು. ಆದರೂ ಪಾರ್ಕು ಅದನ್ನು ಕೈಬಿಡದೆ 2008ರಲ್ಲಿ ಹೊಸ ರೈಲುಗಳನ್ನು ಹಾಕಿಸಿ ಎಕ್ಸ್2 ಎಂಬ ಹೆಸರಿನಲ್ಲಿ ಓಡಿಸಿತು. ಪೆನ್ಸಿಲ್ವೇನಿಯಾದ ಕನೋಬೆಲ್ಸ್ ಎಂಬ ಕುಟುಂಬದವರ ಪಾರ್ಕಿನ ತಾಳ್ಮೆ ಇನ್ನೂ ದೊಡ್ಡದು. ಹಳಿಯೇ ಇಲ್ಲದೆ, ಮರದ ತೊಟ್ಟಿಯೊಳಗೆ ಜಾರಿಕೊಂಡು ಹೋಗುವ ಫ್ಲೈಯಿಂಗ್ ಟರ್ನ್ಸ್ ಎಂಬ ಹಳೆಯ ಕಾಲದ ಸವಾರಿಯನ್ನು ಮತ್ತೆ ಕಟ್ಟುತ್ತೇವೆಂದು 2006ರಲ್ಲಿ ಹೊರಟವರು, ಗಾಲಿಗಳು ಒಗ್ಗದೆ, ಬೋಗಿಗಳನ್ನು ಮತ್ತೆ ರೂಪಿಸಿ, ಜನರನ್ನು ಕೂರಿಸಿದ್ದು 2013ರಲ್ಲಿ. ನಮ್ಮಲ್ಲಿ ಒಂದು ಯಂತ್ರ ಇಷ್ಟು ವರ್ಷ ಕಣ್ಣೆದುರು ಖಾಲಿ ನಿಂತಿದ್ದರೆ ಅದನ್ನು ಕಟ್ಟಿದ ಎಂಜಿನಿಯರು ಯಾವ ಮುಖ ಹೊತ್ತು ಓಡಾಡಬೇಕಿತ್ತು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕಾಗಿದೆ, ಹೇಳಲು ಮನಸ್ಸಿಲ್ಲದಿದ್ದರೂ. ಕಿಂಗ್ಸ್ ಐಲ್ಯಾಂಡಿನಲ್ಲಿಯೇ 2000ದಲ್ಲಿ ಸನ್ ಆಫ್ ಬೀಸ್ಟ್ ಎಂಬ ಮರದ ಕೋಸ್ಟರನ್ನು ಲೂಪಿನ ಸಮೇತ ಕಟ್ಟಿದರು. ಆ ಎತ್ತರದಲ್ಲಿ ಅಂಥ ಮರದ ಕೋಸ್ಟರು ಅದಕ್ಕೆ ಮೊದಲು ಇರಲಿಲ್ಲ. 2006ರ ಜುಲೈಯಲ್ಲಿ ಮರದ ತೊಲೆ ಬಿರುಕುಬಿಟ್ಟು ಹಳಿಯಲ್ಲಿ ತಗ್ಗುಂಟಾಗಿ 27 ಮಂದಿಗೆ ಪೆಟ್ಟಾಯಿತು. ಲೂಪನ್ನು ತೆಗೆದರೂ ಅದು ಉಳಿಯಲಿಲ್ಲ. 2009ರಲ್ಲಿ ಮುಚ್ಚಿ, 2012ರಲ್ಲಿ ಕೆಡವಿದರು. ಜಪಾನಿನ ಫುಜಿ-ಕ್ಯೂ ಹೈಲ್ಯಾಂಡ್ ಪಾರ್ಕಿನ ದೊ-ದೊದೊಂಪ ಎಂಬ ಕೋಸ್ಟರು, ಒತ್ತಿ ತುಂಬಿದ ಗಾಳಿಯ ಬಲದಿಂದ 1.56 ಸೆಕೆಂಡಿನಲ್ಲಿ ಗಂಟೆಗೆ 180 ಕಿಲೋಮೀಟರ್ ವೇಗಕ್ಕೆ ಚಿಮ್ಮುತ್ತಿದ್ದದ್ದು, ಸವಾರರ ಮೂಳೆ ಮುರಿದ ದೂರುಗಳು ಬಂದ ಮೇಲೆ 2021ರಲ್ಲಿ ನಿಂತದ್ದು ಮತ್ತೆ ಓಡಲೇ ಇಲ್ಲ. "ಬೇರೆಯವರು ಕೂತು ನೋಡಲಿ" ಎಂಬ ಮಾತಿನಲ್ಲಿ ಆ ಬೇರೆಯವರೂ ಮನುಷ್ಯರೇ. ಟಿಕೆಟು ಕೊಂಡಾಗ ತಾವು ಪರೀಕ್ಷೆಯ ಭಾಗವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸೀಡರ್ ಪಾಯಿಂಟಿನಲ್ಲಿ ಹದಿನೈದಕ್ಕೂ ಹೆಚ್ಚು ಕೋಸ್ಟರುಗಳಿರುವುದರಿಂದ ಒಂದು ವರ್ಷವಿಡೀ ನಿಂತರೆ ಪಾರ್ಕು ತಡೆದುಕೊಳ್ಳುತ್ತದೆ; ಇರುವುದೇ ಒಂದು ದೊಡ್ಡ ಯಂತ್ರವಾಗಿರುವ ಪಾರ್ಕಿನವರು ಓಡಿ ಪಳಗಿದ ವಿನ್ಯಾಸವನ್ನೇ ಕೊಂಡರೆ ಅದನ್ನು ಹೇಡಿತನವೆನ್ನುವುದು ಸರಿಯಲ್ಲ. ಭಾವನವರ ಮಾತಿನಲ್ಲಿ ಅಷ್ಟು ಮಟ್ಟಿಗೆ ನ್ಯಾಯವಿದೆ.

ಇಲ್ಲಿಯ ಮುಚ್ಚುಮರೆಯಿಲ್ಲದ ನಡತೆಯೂ ಬರೀ ಜನರ ದೊಡ್ಡ ಮನಸ್ಸಿನಿಂದ ಬಂದದ್ದಲ್ಲವೆಂದು ಈಚೆಗೆ ಅನ್ನಿಸುತ್ತಿದೆ. ಪಾರ್ಕುಗಳು ತಾವಾಗಿ ಹೊರಡಿಸುವ ಹೇಳಿಕೆಗಳು ಇಲ್ಲಿಯೂ ನಾಲ್ಕು ಸಾಲಿನವೇ. ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ ಎಂಬ ಹಳೆಯ ಹೆಸರಿನಲ್ಲಿ ಅದೇ ಗೋಪುರ ಹತ್ತುತ್ತಿದ್ದ ರೈಲಿನಿಂದ 2021ರ ಆಗಸ್ಟ್‌ನಲ್ಲಿ ಲೋಹದ ತುಂಡೊಂದು ಕಳಚಿ, ಸರತಿಯಲ್ಲಿ ನಿಂತಿದ್ದ ಮಹಿಳೆಯೊಬ್ಬರ ತಲೆಗೆ ಬಡಿದು ಅವರು ತೀವ್ರವಾಗಿ ಗಾಯಗೊಂಡರು. ಆಗ ಅದು ಹೊಸ ಯಂತ್ರವೂ ಆಗಿರಲಿಲ್ಲ, 18 ವರ್ಷ ಓಡಿತ್ತು. ಅದರ ತನಿಖೆ ನಡೆಸಿದ್ದು ಓಹಾಯೋ ರಾಜ್ಯದ ಕೃಷಿ ಇಲಾಖೆ. ಇಂಥ ಸವಾರಿಗಳ ತಪಾಸಣೆ ಇಲ್ಲಿ ಆ ಇಲಾಖೆಯ ಹೊಣೆ. ಇಲಾಖೆ ತಪಾಸಣೆ ಮಾಡಿ ಬರೆದ ವರದಿ ಸಾರ್ವಜನಿಕ ದಾಖಲೆಯಾಯಿತು, ಪತ್ರಿಕೆಗಳು ಅದನ್ನು ಓದಿ ಬರೆದವು. ಯಾವ ತುಂಡು, ಎಲ್ಲಿಂದ ಕಳಚಿತು ಎಂಬುದು ನನ್ನಂಥ ಹೊರಗಿನವನಿಗೂ ತಿಳಿದದ್ದು ಹಾಗೆ, ಪಾರ್ಕಿನ ಸೌಜನ್ಯದಿಂದಲ್ಲ. ನಮ್ಮಲ್ಲಿಯೂ ಮಾಹಿತಿ ಹಕ್ಕಿನ ಕಾಯ್ದೆ 2005ರಿಂದ ಇದೆ. ಸವಾರಿಗೆ ಪರವಾನಗಿ ಕೊಟ್ಟ ಸರ್ಕಾರಿ ಕಚೇರಿಯನ್ನು ತಪಾಸಣೆಯ ಕಾಗದ ತೋರಿಸಿರೆಂದು ಕೇಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಹಗ್ಗ ಕಟ್ಟಿದ ಯಂತ್ರದ ಮುಂದೆ ಗೊಣಗಿ ಹಿಂದಿರುಗುವ ಸಾವಿರ ಜನರಲ್ಲಿ ಒಬ್ಬರಾದರೂ ಹಾಗೆ ಕೇಳಿ, ಬಂದ ಉತ್ತರವನ್ನು ಎಲ್ಲರೂ ಓದುವಂತೆ ಪ್ರಕಟಿಸಿದರೆ, ಊರಿನ ಬಗ್ಗೆ ನಾನು ಮೇಲೆ ಆಡಿದ ಮಾತುಗಳಲ್ಲಿ ಅರ್ಧವನ್ನು ಸಂತೋಷದಿಂದ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.